‘ಇವಳು ಯಾವಾಗ ವಾಪಸ್ ಹೋಗ್ತಾಳೆ?’ ಎಂದ ಮಗಳಿಗೆ ಏನು ಹೇಳಬೇಕು?

ಪ್ರಶ್ನೆ: ನಮ್ಮದು ದಾವಣಗೆರೆ. ನಾಲ್ಕು ತಿಂಗಳ ಹಿಂದೆ ಹಿರಿಯೂರು ಹತ್ತಿರ ಹೈವೇಯಲ್ಲಿ ಲಾರಿ ಗುದ್ದಿ ನನ್ನ ತಂಗಿ, ಅವಳ ಗಂಡ ಇಬ್ಬರೂ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಅವರ ಮಗಳು ಸಣ್ಣಪುಟ್ಟ ಗಾಯದಲ್ಲಿ ಉಳಿದಳು. ಅವಳಿಗೆ 8 ವರ್ಷ, ಈಗ ನಮ್ಮ ಜೊತೆಗೇ ಇದ್ದಾಳೆ. ನಮಗೆ 11 ವರ್ಷದ ಮಗಳು, 5 ವರ್ಷದ ಮಗ. ಮನೆಯಲ್ಲಿ ಅತ್ತೆ ಇದ್ದಾರೆ. ಈ ಹುಡುಗಿ ಹಗಲೆಲ್ಲ ಗಪ್‌ಚಿಪ್ ಇರುತ್ತಾಳೆ, ಒಂದು ಸಲವೂ ಅತ್ತಿಲ್ಲ. ರಾತ್ರಿ ಚೀರಿಕೊಂಡು ಏಳುತ್ತಾಳೆ. ಲಾರಿ ಹಾರ್ನ್ ಕೇಳಿದರೆ ಕಿವಿ ಮುಚ್ಚಿಕೊಂಡು ಅಲ್ಲೇ ಕೂತುಬಿಡುತ್ತಾಳೆ. ಅವಳಮ್ಮನ ಒಂದು ವೇಲನ್ನು ಸ್ಕೂಲ್ ಬ್ಯಾಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಾಳೆ, ಮುಟ್ಟಲು ಬಿಡುವುದಿಲ್ಲ. ನನ್ನ ದೊಡ್ಡವಳ ರೂಮಿನಲ್ಲೇ ಅವಳನ್ನೂ ಮಲಗಿಸಿದ್ದೇವೆ. ದೊಡ್ಡವಳು ಮೊದಲು ಚೆನ್ನಾಗಿಯೇ ನೋಡಿಕೊಂಡಳು, ಈಗ ಮುಖ ಕೊಟ್ಟು ಮಾತಾಡುವುದಿಲ್ಲ. ಮೊನ್ನೆ ಊಟಕ್ಕೆ ಕೂತಾಗ ಅವಳ ಎದುರಿಗೇ ‘ಇವಳು ಯಾವಾಗ ವಾಪಸ್ ಹೋಗ್ತಾಳೆ?’ ಅಂದಳು. ನಮ್ಮ ಯಜಮಾನರು ಹೊಡೆದುಬಿಟ್ಟರು. ರಜೆ ಬಂದರೆ ಸಾಕು, ಚಿಕ್ಕಮ್ಮನ ಮನೆ ಅಂತ ಹಿರಿಯೂರಿಗೆ ಓಡುತ್ತಿದ್ದವಳು ಇವಳೇನಾ ಅನಿಸುತ್ತದೆ. ಮಗ ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ, ಅಪ್ಪ ಹರಿಹರಕ್ಕೆ ಡ್ಯೂಟಿಗೆ ಹೊರಟರೆ ಗೇಟು ಹಿಡಿದುಕೊಂಡು ಅಳುತ್ತಾನೆ. ಅವನೂ ಆ ಹುಡುಗಿಯೂ ಸೇರಿ ಆಕ್ಸಿಡೆಂಟ್ ಆಟ ಆಡುತ್ತಾರೆ, ನೋಡಲಿಕ್ಕಾಗುವುದಿಲ್ಲ. ಅತ್ತೆ ತಾಯತ ಕಟ್ಟಿಸೋಣ ಅನ್ನುತ್ತಾರೆ, ಮೈದುನ ಹಾಸ್ಟೆಲ್‌ಗೆ ಹಾಕಿ ಅನ್ನುತ್ತಾನೆ. ನನ್ನ ಮಕ್ಕಳಿಗೆ ಹೇಗೆ ತಿಳಿಹೇಳಲಿ ಮೇಡಂ?

ಉತ್ತರ: ನಿಮ್ಮ ದೊಡ್ಡವಳು ಕೇಳಿದ್ದು ತಪ್ಪು ಪ್ರಶ್ನೆ ಅಲ್ಲ. ಕೇಳಿದ ಜಾಗ, ಹೊತ್ತು ಸರಿಯಿರಲಿಲ್ಲ, ಅಷ್ಟೇ. ನಾಲ್ಕು ತಿಂಗಳಲ್ಲಿ ಆ ಪ್ರಶ್ನೆಗೆ ಯಾರಾದರೂ ನೇರವಾಗಿ ಉತ್ತರ ಕೊಟ್ಟಿದ್ದಾರಾ? ನಿಮ್ಮ ಪತ್ರದಲ್ಲಂತೂ ನನಗೆ ಕಾಣಲಿಲ್ಲ. ಇಂಥ ಹೊತ್ತಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಕಾರ್ಯ ಮುಗಿಸಿ ಮಗುವನ್ನು ಕರೆದುಕೊಂಡು ಬರುತ್ತೇವೆ, ಮನೆಯ ಮಕ್ಕಳಿಗೆ ‘ಸ್ವಲ್ಪ ದಿನ ನಮ್ಮನೇಲಿ ಇರ್ತಾಳೆ, ಅಡ್ಜಸ್ಟ್ ಮಾಡ್ಕೋ’ ಅಂತ ಹೇಳಿ ಮುಂದಿನ ಕೆಲಸಕ್ಕೆ ಓಡುತ್ತೇವೆ. ಸ್ವಲ್ಪ ದಿನ ಅಂದರೆ 11 ವರ್ಷದವಳ ಲೆಕ್ಕದಲ್ಲಿ ದಸರಾ ರಜೆಯಷ್ಟು. ಅವಳು ಅಷ್ಟು ದಿನ ಅಡ್ಜಸ್ಟ್ ಮಾಡಿಕೊಂಡಳು. ನೀವೇ ಬರೆದಿದ್ದೀರಲ್ಲ, ಮೊದಲು ಚೆನ್ನಾಗಿಯೇ ನೋಡಿಕೊಂಡಳು ಅಂತ. ರಜೆ ಮುಗಿಯಿತು, ನೆಂಟರು ಹೋಗಲಿಲ್ಲ. ಆಗ ಕೇಳಿದಳು.

ಹಾಗಾಗಿ ಮೊದಲು ನೀವು ಗಂಡ ಹೆಂಡತಿ ಕೂತು ತೀರ್ಮಾನ ಮಾಡಿ. ಹುಡುಗಿ ನಿಮ್ಮ ಮನೆಯಲ್ಲೇ ಬೆಳೆಯುತ್ತಾಳೋ, ಅವಳ ತಂದೆಯ ಕಡೆಯವರು ಮುಂದೆ ಕರೆದುಕೊಂಡು ಹೋಗುತ್ತಾರೋ. ಇಲ್ಲೇ ಅಂತಾದರೆ ಮೂರೂ ಮಕ್ಕಳನ್ನು ಕೂರಿಸಿಕೊಂಡು ಹೇಳಿ: ‘ಇವಳು ಇನ್ಮೇಲೆ ಇಲ್ಲೇ ಇರ್ತಾಳೆ, ದೊಡ್ಡವಳಾಗೋವರೆಗೂ. ಇದನ್ನ ನಾವು ದೊಡ್ಡವರು ತೀರ್ಮಾನ ಮಾಡಿದ್ದು. ನಿಮ್ಮನ್ನ ಮೊದಲೇ ಕೇಳಲಿಲ್ಲ, ಹೇಳಲೂ ಇಲ್ಲ. ಅದಕ್ಕೆ ನಿಮಗೆ ಬೇಜಾರಾಗಿದ್ರೆ ನಮ್ಮ ಹತ್ರ ಹೇಳಿ, ಅವಳ ಹತ್ರ ಬೇಡ.’ ಇಷ್ಟು ಸಾಕು. ಇದನ್ನು ಆ ಹುಡುಗಿಯೂ ಕೇಳಿಸಿಕೊಳ್ಳಬೇಕು. ಊಟದ ಹೊತ್ತಲ್ಲಿ ದೊಡ್ಡವಳು ಬಾಯಿಬಿಟ್ಟು ಕೇಳಿದ್ದನ್ನು ಇವಳು ನಾಲ್ಕು ತಿಂಗಳಿಂದ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿರುತ್ತಾಳೆ. ಗಪ್‌ಚಿಪ್ ಇರುವ ಮಕ್ಕಳು ಬಹಳ ಸಲ ಇದಕ್ಕೇ ಗಪ್‌ಚಿಪ್ ಇರುವುದು. ಗಲಾಟೆ ಮಾಡಿದರೆ ಕಳಿಸಿಬಿಟ್ಟಾರು ಅಂತ.

ಇನ್ನೊಂದು ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ರಜೆ ಬಂದರೆ ಹಿರಿಯೂರಿಗೆ ಓಡುತ್ತಿದ್ದಳು ಅಂತ ನೀವು ಬರೆದದ್ದು, ಈಗ ಹೇಗಾಗಿದ್ದಾಳೆ ನೋಡಿ ಅಂತ ದೂರಲಿಕ್ಕೆ. ನನಗೆ ಅದೇ ಸಾಲಿನಲ್ಲಿ ಬೇರೆ ಕಾಣಿಸಿತು. ಸತ್ತದ್ದು ಅವಳ ಚಿಕ್ಕಮ್ಮ. ವರ್ಷಕ್ಕೊಮ್ಮೆ ಮದುವೆ ಮನೆಯಲ್ಲಿ ಸಿಗುವ ಚಿಕ್ಕಮ್ಮ ಅಲ್ಲ, ರಜೆ ಪೂರ್ತಿ ಜೊತೆಗಿಟ್ಟುಕೊಂಡು ತಲೆ ಬಾಚಿ, ವಾಣಿವಿಲಾಸ ಸಾಗರ ತೋರಿಸಿ, ಅಮ್ಮನಿಗೆ ಹೇಳಲಾಗದ್ದನ್ನೆಲ್ಲ ಕೇಳಿಸಿಕೊಳ್ಳುವ ಚಿಕ್ಕಮ್ಮ. ಅವರು ಹೋದ ದಿನ ಇವಳನ್ನು ಯಾರು ಮಾತಾಡಿಸಿದರು? ಬಂದವರೆಲ್ಲ ಚಿಕ್ಕ ಹುಡುಗಿಯನ್ನು ತಬ್ಬಿಕೊಂಡರು, ನಿಮ್ಮನ್ನು ತಬ್ಬಿಕೊಂಡರು. ಇವಳ ಕೈಗೆ ನೀರಿನ ಲೋಟದ ತಟ್ಟೆ ಕೊಟ್ಟು ‘ಬಂದವರಿಗೆ ಕೊಡಮ್ಮ’ ಅಂದಿರುತ್ತಾರೆ. ಅತ್ತರೆ ‘ನೀನೇ ಅತ್ತರೆ ಅವಳಿಗೆ ಯಾರು ಧೈರ್ಯ ಹೇಳೋರು’ ಅಂದಿರುತ್ತಾರೆ. ಆ ಮನೆಯಲ್ಲಿ ದುಃಖ ಪಡುವ ಹಕ್ಕು ಪೂರ್ತಿ ಒಬ್ಬಳಿಗೇ ಹೋಗಿದೆ, ಇವಳ ಪಾಲಿಗೆ ಉಳಿದಿರುವುದು ಸಿಟ್ಟು ಮಾತ್ರ. ಮಕ್ಕಳಲ್ಲಿ ದುಃಖ ಎಷ್ಟೋ ಸಲ ಸಿಡುಕಿನ ರೂಪದಲ್ಲೇ ಬರುತ್ತದೆ, 11 ವರ್ಷದ ಆಸುಪಾಸಿನವರಲ್ಲಿ ಜಾಸ್ತಿ.

ಅವಳೊಬ್ಬಳನ್ನೇ ಕರೆದುಕೊಂಡು ಎಲ್ಲಾದರೂ ಹೋಗಿ. ಕುಂದವಾಡ ಕೆರೆ ಮೇಲೆ ಸಂಜೆ ಒಂದು ಸುತ್ತು ಹಾಕಿ, ಬರುವಾಗ ಮಂಡಕ್ಕಿ ಮೆಣಸಿನಕಾಯಿ ತಿನ್ನಿ. ಉಪದೇಶ ಮಾಡಬೇಡಿ. ‘ನಿನಗೂ ಚಿಕ್ಕಮ್ಮ ಹೋದಳು, ಅದನ್ನ ನಾನು ಕೇಳಲೇ ಇಲ್ಲ’ ಅನ್ನಿ, ಸುಮ್ಮನಾಗಿ. ಅವಳು ತಕ್ಷಣ ಏನೂ ಹೇಳದೆ ಇರಬಹುದು. ‘ಬಿಡಮ್ಮ’ ಅನ್ನಬಹುದು. ಮನೆಗೆ ಬಂದ ಮೇಲೋ, ಮಾರನೇ ದಿನ ಜಡೆ ಹಾಕುವಾಗಲೋ ಒಂದು ಮಾತು ಬರುತ್ತದೆ. ಆಗ ಕೈಯಲ್ಲಿರುವ ಕೆಲಸ ಬಿಟ್ಟು ಕೇಳಿ. ಹೊಡೆದದ್ದಕ್ಕೆ ನಿಮ್ಮ ಯಜಮಾನರೂ ಅವಳ ಹತ್ತಿರ ಒಂದು ಮಾತು ಆಡಬೇಕು. ‘ಹೊಡೆದಿದ್ದು ನಂದು ತಪ್ಪು. ನೀನು ಅವಳೆದುರಿಗೆ ಹಾಗೆ ಕೇಳಿದ್ದೂ ಸರಿ ಇಲ್ಲ.’ ಎರಡನ್ನೂ ಒಟ್ಟಿಗೇ ಹೇಳಬಹುದು, ಅಪ್ಪನ ಮರ್ಯಾದೆ ಏನೂ ಹೋಗುವುದಿಲ್ಲ.

ಹಾಗೇ, ನಿಮ್ಮ ಪತ್ರದಲ್ಲಿ ಮೂರು ಮಕ್ಕಳ ಬಗ್ಗೆ ಇದೆ, ಅತ್ತೆ, ಮೈದುನ, ಯಜಮಾನರ ಬಗ್ಗೆ ಇದೆ. ತಂಗಿಯನ್ನು ಕಳೆದುಕೊಂಡ ಅಕ್ಕನ ಬಗ್ಗೆ ಒಂದು ಸಾಲೂ ಇಲ್ಲ. ನೀವು ಮಕ್ಕಳೆದುರು ಅಳುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದರೆ, ಆ ಹುಡುಗಿ ಯಾಕೆ ಅಳುತ್ತಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ. ಈ ಮನೆಯಲ್ಲಿ ಅಳಬಾರದು ಅಂದುಕೊಂಡಿದ್ದಾಳೆ. ತಂಗಿಯ ನೆನಪಾಗಿ ಕಣ್ಣಲ್ಲಿ ನೀರು ಬಂದರೆ ಬಚ್ಚಲಿಗೆ ಓಡಬೇಡಿ. ‘ನಿಮ್ಮಮ್ಮನ ನೆನಪಾಯ್ತು ಕಣೇ’ ಅಂತ ಒರೆಸಿಕೊಂಡು, ಒಗ್ಗರಣೆ ಹಾಕುತ್ತಿದ್ದರೆ ಅದನ್ನು ಮುಂದುವರಿಸಿ. ಅತ್ತ ಮೇಲೂ ಅಡಿಗೆ ಆಗುತ್ತದೆ, ಮನೆ ನಡೆಯುತ್ತದೆ ಅನ್ನುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು.

ಈಗ ಮಲಗುವ ವಿಷಯ. ದೊಡ್ಡವಳ ರೂಮಿನಲ್ಲಿ ಮಲಗಿಸಿದ್ದು ಒಳ್ಳೆಯ ಮನಸ್ಸಿನಿಂದಲೇ, ಆದರೆ ಇದನ್ನು ಈ ವಾರವೇ ಬದಲಾಯಿಸಿ. ನಡುರಾತ್ರಿ ಪಕ್ಕದಲ್ಲಿ ಒಬ್ಬರು ಚೀರಿಕೊಂಡು ಏಳುವುದು ಅಂದರೆ ದೊಡ್ಡವರಿಗೇ ಎದೆ ಹೊಡೆದುಕೊಳ್ಳುತ್ತದೆ. ನಾಲ್ಕು ತಿಂಗಳಿಂದ ನಿಮ್ಮ ದೊಡ್ಡವಳಿಗೆ ಸರಿಯಾಗಿ ನಿದ್ದೆ ಇಲ್ಲ, ಮೇಲಿಂದ ರಾತ್ರಿ ಕಾವಲಿನ ಕೆಲಸ ಬೇರೆ. ಸ್ವಲ್ಪ ಕಾಲ ಎಲ್ಲರೂ ಹಾಲಿನಲ್ಲೇ ಸಾಲಾಗಿ ಹಾಸಿಕೊಂಡು ಮಲಗಿ, ತಂಗಿಯ ಮಗಳು ನಿಮ್ಮ ಕೈಗೆ ಎಟುಕುವಷ್ಟು ಹತ್ತಿರ ಇರಲಿ. ದೊಡ್ಡವಳು ತನ್ನ ರೂಮೇ ಬೇಕು ಅಂದರೆ ಅವಳೊಬ್ಬಳೇ ಅಲ್ಲಿ ಮಲಗಲಿ, ಅದರಲ್ಲಿ ದ್ವೇಷ ಏನಿಲ್ಲ. ತಂಗಿಯ ಮಗಳು ರಾತ್ರಿ ಚೀರಿಕೊಂಡಾಗ ಅಲುಗಾಡಿಸಿ ಎಬ್ಬಿಸಬೇಡಿ. ಸಣ್ಣ ದೀಪ ಹಾಕಿ, ಹೆಸರು ಹಿಡಿದು ಕರೆದು, ‘ನಾನು ದೊಡ್ಡಮ್ಮ. ನೀನು ದಾವಣಗೆರೆಯಲ್ಲಿ ನಮ್ಮನೇಲಿದೀಯ’ ಅನ್ನಿ. ನೀರು ಕೊಡಿ. ಏನು ಕನಸು ಬಿತ್ತು ಅಂತ ಆ ಹೊತ್ತಲ್ಲಿ ಕೇಳಬೇಡಿ. ಬೆಳಿಗ್ಗೆ ಅವಳಾಗೇ ಹೇಳಿದರೆ ಕೇಳಿ.

ಹಾರ್ನ್ ಕೇಳಿ ಕೂತುಬಿಡುವುದೂ ಇದರದ್ದೇ ಇನ್ನೊಂದು ಮುಖ. ಆವತ್ತಿನ ಸದ್ದನ್ನು ಮೆದುಳು ಅಪಾಯ ಅಂತ ಗುರುತು ಮಾಡಿ ಇಟ್ಟುಕೊಂಡಿದೆ, ಮತ್ತೆ ಅದೇ ಸದ್ದು ಬಂದರೆ ಯೋಚನೆ ಮಾಡುವ ಮೊದಲೇ ಮೈ ಓಡಲೋ ಅಡಗಲೋ ತಯಾರಾಗುತ್ತದೆ. ‘ಏನೂ ಆಗಲ್ಲ, ಎದ್ದೇಳು’ ಅಂದರೆ ಆ ಹೊತ್ತಲ್ಲಿ ತಲೆಗೆ ಇಳಿಯುವುದಿಲ್ಲ. ಪಕ್ಕದಲ್ಲಿ ನೀವೂ ಕೂತು, ಕಾಲು ನೆಲಕ್ಕೆ ಒತ್ತಲು ಹೇಳಿ, ಎದುರಿಗೆ ಕಾಣುವ ನಾಲ್ಕೈದು ವಸ್ತುಗಳ ಹೆಸರು ಹೇಳಿಸಿ. ಗೇಟು, ತೆಂಗಿನಮರ, ಪಕ್ಕದ ಮನೆ ಸ್ಕೂಟರ್. ಉಸಿರು ತಹಬಂದಿಗೆ ಬರುತ್ತದೆ. ನಿಮ್ಮ ಮಕ್ಕಳಿಗೆ ಇದನ್ನು ಹೀಗೆ ಹೇಳಿ: ‘ಆ ಸದ್ದು ಕೇಳಿದ್ರೆ ಅವಳ ಮೈಗೆ ಆವತ್ತು ಆಗಿದ್ದು ಇವತ್ತೇ ಆಗ್ತಿದೆ ಅನಿಸುತ್ತೆ. ಬೇಕಂತ ಮಾಡ್ತಿಲ್ಲ. ನಿಮ್ಮ ಕೆಲಸ ಇಷ್ಟೇ, ನನ್ನನ್ನೋ ಅಪ್ಪನನ್ನೋ ಕೂಗಿ.’ ಮಕ್ಕಳ ಜವಾಬ್ದಾರಿ ಕರೆಯುವುದಕ್ಕೆ ಮುಗಿಯಬೇಕು. ಸಮಾಧಾನ ಮಾಡುವುದು, ಕಾಯುವುದು, ಸ್ಕೂಲಿನಲ್ಲಿ ಅವಳ ಮೇಲೆ ಕಣ್ಣಿಡುವುದು ಅವರ ಕೆಲಸ ಅಲ್ಲ. ಸ್ಕೂಲಿನಲ್ಲಿ ಕ್ಲಾಸ್ ಟೀಚರ್‌ಗೆ ನೀವೇ ಹೋಗಿ ಹೇಳಿ ಬನ್ನಿ. ಯಾರಾದರೂ ಕೆದಕಿ ಕೇಳಿದರೆ ದೊಡ್ಡವಳು ಏನು ಹೇಳಬೇಕು ಅನ್ನುವುದನ್ನೂ ಮೊದಲೇ ಹೇಳಿಕೊಡಿ. ‘ನನ್ನ ತಂಗಿ, ನಮ್ಮನೇಲೇ ಇರ್ತಾಳೆ’ ಸಾಕು, ಮಿಕ್ಕಿದ್ದು ಮನೆಯ ವಿಷಯ.

ನಿಮ್ಮ ಮಗನ ಕಥೆಯಲ್ಲಿ ನನಗೆ ಒಂದು ಅನುಮಾನ ಇದೆ. ಅವನಿಗೆ ಏನಂತ ಹೇಳಿದ್ದೀರಿ? ‘ಚಿಕ್ಕಮ್ಮ ಚಿಕ್ಕಪ್ಪ ಊರಿಗೆ ಹೋಗಿದಾರೆ’ ಅಂತಲೇ? ನಮ್ಮ ಕಡೆ ಚಿಕ್ಕ ಮಕ್ಕಳಿಗೆ ಹೇಳುವುದೇ ಹಾಗೆ. ಊರಿಗೆ ಹೋದವರು ಬರಲೇ ಇಲ್ಲ, ಅವರ ಮಗಳು ಬೇರೆಯವರ ಮನೆಗೆ ಬಂದಳು. ಈಗ ಅಪ್ಪ ದಿನಾ ಬೆಳಿಗ್ಗೆ ಹರಿಹರ ಅನ್ನುವ ಊರಿಗೆ ಹೊರಡುತ್ತಾರೆ. ಆ ಹುಡುಗ ಗೇಟು ಹಿಡಿಯದೆ ಇನ್ನೇನು ಮಾಡುತ್ತಾನೆ ಹೇಳಿ? ‘ಮಲಗಿದಾರೆ’ ಅಂತ ಹೇಳಿದ್ದರೆ ಇನ್ನೂ ಕಷ್ಟ, ನಿದ್ದೆ ಮಾಡಲಿಕ್ಕೇ ಹೆದರುತ್ತಾರೆ ಮಕ್ಕಳು.

ಐದು ವರ್ಷದವರಿಗೆ ಸಾವು ಅಂದರೆ ಪೂರ್ತಿ ಮುಗಿದದ್ದು ಅಂತ ಅರ್ಥವಾಗುವುದಿಲ್ಲ, ಹೋದವರು ಯಾವತ್ತಾದರೂ ಬರಬಹುದು ಅಂದುಕೊಳ್ಳುತ್ತಾರೆ. ಸುಮಾರು ಏಳು ವರ್ಷದ ಹೊತ್ತಿಗೆ, ಕೆಲವರಿಗೆ ಮುಂಚೆ ಕೆಲವರಿಗೆ ತಡವಾಗಿ, ಅದು ತಿಳಿಯುತ್ತದೆ. ಹಾಗಂತ ಸುಳ್ಳು ಹೇಳಬೇಕಾಗಿಲ್ಲ. ‘ಅವರು ಸತ್ತುಹೋದ್ರು. ಅವರ ಮೈ ಕೆಲಸ ಮಾಡೋದು ನಿಂತುಹೋಯ್ತು. ಹಸಿವಾಗಲ್ಲ, ನೋವಾಗಲ್ಲ, ವಾಪಸ್ ಬರೋಕ್ಕೆ ಆಗಲ್ಲ. ಅಪ್ಪ ಹರಿಹರಕ್ಕೆ ಹೋಗೋದು ಬೇರೆ, ಸಾಯಂಕಾಲ ಬರ್ತಾರೆ.’ ಹೀಗೆ ಬಿಡಿಸಿ ಹೇಳಿ. ನಾಳೆ ಮತ್ತೆ ಕೇಳುತ್ತಾನೆ, ನಾಡಿದ್ದೂ ಕೇಳುತ್ತಾನೆ. ಅದೇ ಮಾತು ಹೇಳಿ. ‘ದೇವರ ಹತ್ರ ಹೋದ್ರು’ ಅನ್ನುವುದು ನಿಮ್ಮ ನಂಬಿಕೆಯಾದರೆ ಅದನ್ನೂ ಹೇಳಬಹುದು, ಆದರೆ ಸತ್ತುಹೋದರು ಅನ್ನುವ ಮಾತು ಬಿಟ್ಟು ಬರೀ ಅದನ್ನಷ್ಟೇ ಹೇಳಬೇಡಿ. ಯಜಮಾನರು ಡ್ಯೂಟಿಯಲ್ಲಿ ಮಧ್ಯಾಹ್ನ ಬಿಡುವು ಸಿಕ್ಕಾಗ ಒಂದು ಫೋನ್ ಮಾಡಲಿ, ಕೆಲವು ವಾರ.

ಹಾಸಿಗೆ ಒದ್ದೆ ಮಾಡುವುದಕ್ಕೆ ಬೈಯಬೇಡಿ, ‘ಅಕ್ಕಂದಿರ ಮುಂದೆ ನಾಚ್ಕೆ ಆಗಲ್ವಾ’ ಅನ್ನುವುದಂತೂ ಬೇಡವೇ ಬೇಡ. ಬಿಟ್ಟ ಅಭ್ಯಾಸ ಮತ್ತೆ ಬರುವುದು ಚಿಕ್ಕ ಮಕ್ಕಳಲ್ಲಿ ಒತ್ತಡದ ಮಾಮೂಲಿ ಲಕ್ಷಣ. ಆದರೂ ಮಕ್ಕಳ ಡಾಕ್ಟರ ಹತ್ತಿರ ಒಂದು ಮೂತ್ರ ಪರೀಕ್ಷೆ ಮಾಡಿಸಿಬಿಡಿ. ಸೋಂಕು ಇದ್ದರೂ ಸಕ್ಕರೆ ಕಾಯಿಲೆ ಇದ್ದರೂ ಹೀಗಾಗುತ್ತದೆ, ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದು ಸರಿಯಲ್ಲ.

ಇನ್ನು ಆ ಆಟ. ನೋಡಲು ಭಯವಾಗುತ್ತದೆ ನಿಜ, ಆದರೆ ಮಕ್ಕಳ ಮನಸ್ಸಿನ ಕೆಲಸ ಮಾಡುವವರಿಗೆ ಇದು ಹೊಸದಲ್ಲ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಊರಲ್ಲಿ ಶಾಲಾ ಬಸ್ಸಿನಲ್ಲಿದ್ದ 26 ಮಕ್ಕಳನ್ನೂ ಡ್ರೈವರನ್ನೂ ಅಪಹರಿಸಿ, ಕಲ್ಲಿನ ಕ್ವಾರಿಯಲ್ಲಿ ಹೂತಿಟ್ಟಿದ್ದ ಲಾರಿಯ ಡಬ್ಬದೊಳಗೆ ಕೂಡಿಹಾಕಿದ್ದರು. ಎಲ್ಲರೂ ಜೀವಂತವಾಗಿ ಹೊರಗೆ ಬಂದರು. ಲೆನೋರ್ ಟೆರ್ ಎಂಬ ಮನೋವೈದ್ಯೆ ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಘಟನೆಯ ತುಣುಕುಗಳನ್ನೇ ಮಕ್ಕಳು ಆಟವಾಗಿ ಮತ್ತೆ ಮತ್ತೆ ಆಡುತ್ತಿದ್ದರು. ಮಾಮೂಲಿ ಆಟದ ಹಾಗೆ ಅದು ದಿನಕ್ಕೊಂದು ತಿರುವು ಪಡೆಯುತ್ತಿರಲಿಲ್ಲ, ಆಡಿ ಮುಗಿದ ಮೇಲೆ ಮನಸ್ಸು ಹಗುರವೂ ಆಗುತ್ತಿರಲಿಲ್ಲ. ಟೆರ್ ಇನ್ನೊಂದನ್ನೂ ಬರೆದಿದ್ದಾರೆ, ನಿಮಗೆ ಬೇಕಾದದ್ದು ಅದೇ. ಇಂಥ ಆಟ ಪಕ್ಕದಲ್ಲಿರುವ ಬೇರೆ ಮಕ್ಕಳನ್ನೂ ಒಳಗೆ ಎಳೆದುಕೊಳ್ಳುತ್ತದೆ, ಏನೂ ನೋಡದ, ಏನೂ ಅನುಭವಿಸದ ಮಕ್ಕಳನ್ನೂ.

ನಿಮ್ಮ ಮಗನಿಗೆ ಆಗಿರುವುದು ಹಾಗೇ ಇರಬೇಕು. ಅಕ್ಕ ಆಡಿಸುತ್ತಾಳೆ, ಅವನು ಆಡುತ್ತಾನೆ, ಆಡಿದ ಭಯ ರಾತ್ರಿ ಹಾಸಿಗೆಗೆ ಬರುತ್ತದೆ. ಗದರಿ ನಿಲ್ಲಿಸಿದರೆ ಮಹಡಿ ಮೇಲೆ ಕದ್ದು ಆಡುತ್ತಾರೆ, ಪ್ರಯೋಜನ ಇಲ್ಲ. ಹತ್ತಿರ ಹೋಗಿ ನೆಲದ ಮೇಲೆ ಕೂತು ನೋಡಿ. ಕುರ್ಚಿ ಸಾಲಾಗಿ ಇಡುತ್ತಾರಾ, ಲಾರಿ ಯಾರು ಆಗುತ್ತಾರೆ, ಗುದ್ದಿದ ಮೇಲೆ ಏನಾಗುತ್ತದೆ. ಬಹುಶಃ ಗುದ್ದಿದ ಕಡೆಗೆ ಆಟ ನಿಲ್ಲುತ್ತದೆ, ಮತ್ತೆ ಮೊದಲಿಂದ ಶುರುವಾಗುತ್ತದೆ. ಆಗ ನೀವು ಮೆಲ್ಲಗೆ ಸೇರಿಕೊಳ್ಳಿ. ‘ಈಗ 108 ಆಂಬುಲೆನ್ಸ್ ಬರಬೇಕಲ್ವಾ? ಯಾರು ಫೋನ್ ಮಾಡ್ತೀರಿ?’ ಡಾಕ್ಟರ್ ಬರಲಿ, ಪೊಲೀಸ್ ಬರಲಿ, ಹಿಂದಿನ ಸೀಟಿನ ಮಗುವನ್ನು ಯಾರೋ ಎತ್ತಿಕೊಳ್ಳಲಿ, ದೊಡ್ಡಮ್ಮ ಓಡಿ ಬರಲಿ. ಗುದ್ದಿದ ಆಚೆಗೂ ಒಂದು ಕಥೆ ಇದೆ ಅನ್ನುವುದು ಆಟದೊಳಗೇ ಬರಬೇಕು. ಅವಳು ಒಪ್ಪದಿದ್ದರೆ ಬಲವಂತ ಬೇಡ. ಮಗನಿಗೆ ಮಾತ್ರ ‘ನಿನಗೆ ಬೇಡ ಅನಿಸಿದಾಗ ಎದ್ದು ಬರಬಹುದು’ ಅಂತ ಅವಳೆದುರಿಗೇ ಹೇಳಿಡಿ. ಅವನು ಎದ್ದು ಬಂದರೆ ಅವಳನ್ನು ಒಂಟಿ ಬಿಡದೆ ಆ ಜಾಗಕ್ಕೆ ನೀವು ಕೂರಿ.

ಆಟ ನೋಡುವಾಗ ಇನ್ನೊಂದಕ್ಕೆ ಕಿವಿ ಕೊಡಿ. ಈ ವಯಸ್ಸಿನ ಮಕ್ಕಳು ಆದದ್ದಕ್ಕೆ ತಾವೇ ಕಾರಣ ಅಂದುಕೊಳ್ಳುವುದು ಬಹಳ ಸಾಮಾನ್ಯ. ಹಿಂದಿನ ಸೀಟಿನಲ್ಲಿ ಏನೋ ಹಠ ಮಾಡಿದೆ, ಅಪ್ಪ ತಿರುಗಿ ನೋಡಿದರು, ಅದಕ್ಕೇ ಆಯಿತು ಅಂತ ಅವಳ ಮನಸ್ಸಿನಲ್ಲಿ ಇದ್ದರೆ ಕೇಳಿದರೂ ಹೇಳುವುದಿಲ್ಲ. ಕೇಳಬೇಡಿ, ನೀವೇ ಹೇಳಿಬಿಡಿ. ‘ನೀನು ಆವತ್ತು ಏನು ಮಾಡಿದ್ರೂ, ಮಾಡದೆ ಇದ್ರೂ, ಅದು ನಿನ್ನಿಂದ ಆಗಿದ್ದಲ್ಲ.’ ಒಂದೇ ಸಲ ಅಲ್ಲ, ಆಗಾಗ.

ಮನೆಯ ನಿಯಮದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ‘ಪಾಪ, ಅವಳಿಗೆ ಅಪ್ಪ ಅಮ್ಮ ಇಲ್ಲ’ ಅಂತ ಹೇಳಿ ನಿಮ್ಮ ಮಗಳಿಂದ ಒಂದು ಪೆನ್ಸಿಲ್ ಡಬ್ಬಿ ಕೊಡಿಸಿದರೂ ಅದು ಸಾಲದ ಖಾತೆಗೆ ಹೋಗುತ್ತದೆ. ಹೇಳಿ ಬರಿಸಿದ ಕನಿಕರ ಮಕ್ಕಳಲ್ಲಿ ಹೊಟ್ಟೆಕಿಚ್ಚಾಗಿ ತಿರುಗುತ್ತದೆ. ಹೋಂವರ್ಕ್, ಟಿವಿ, ತಟ್ಟೆ ತೊಳೆಯಲು ಹಾಕುವುದು, ಎಲ್ಲದಕ್ಕೂ ಮೂವರಿಗೂ ಒಂದೇ ಕಾನೂನು, ವಯಸ್ಸಿಗೆ ತಕ್ಕ ಹಾಗೆ. ತಪ್ಪು ಮಾಡಿದರೆ ತಂಗಿಯ ಮಗಳಿಗೂ ‘ಹಾಗೆ ಮಾಡಬಾರದು’ ಅನ್ನಿ. ಬೈಯಿಸಿಕೊಳ್ಳದ ಮಗು ಆ ಮನೆಯಲ್ಲಿ ನೆಂಟರ ಮಗುವಾಗಿಯೇ ಉಳಿಯುತ್ತದೆ, ಅದು ಅವಳಿಗೂ ಗೊತ್ತಾಗುತ್ತದೆ. ದೊಡ್ಡವಳ ಬೀರುವಿನಲ್ಲಿ ಒಂದು ಖಾನೆ ಕಿತ್ತುಕೊಟ್ಟಿದ್ದರೆ ವಾಪಸ್ ಕೊಡಿ, ಇವಳಿಗೆ ಬೇರೆ ಕಪಾಟು ತನ್ನಿ, ಚಿಕ್ಕದಾದರೂ ಪರವಾಗಿಲ್ಲ, ಹೊಸದು. ನಿಮ್ಮ ಸ್ವಂತ ಮಕ್ಕಳ ಜಾಗ ಗಟ್ಟಿಯಾಗಿದ್ದಷ್ಟೂ ಅವರು ಬಂದವಳಿಗೆ ಜಾಗ ಬಿಡುತ್ತಾರೆ. ಹಾಗಾಗಿ ಅವರಿಗೆ ದಿನಕ್ಕೆ ಕಾಲು ಗಂಟೆಯಾದರೂ ಒಬ್ಬೊಬ್ಬರಿಗೇ ಸಮಯ ಕೊಡುವುದನ್ನು ಸ್ವಾರ್ಥ ಅಂದುಕೊಳ್ಳಬೇಡಿ. ತಂಗಿಯ ಮಗಳ ಚಿಕಿತ್ಸೆಯಲ್ಲಿ ಅದೂ ಒಂದು ಭಾಗ.

ಹೋಲಿಕೆ ಮಾಡುವುದನ್ನೂ ನಿಲ್ಲಿಸಿ. ‘ಅಪ್ಪ ಅಮ್ಮ ಇಲ್ಲದೆ ಅವಳು ಹೇಗೆ ಓದ್ತಾಳೆ ನೋಡು’ ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಒಂದೇ ಮಾತಿನಲ್ಲಿ ಇಬ್ಬರು ಮಕ್ಕಳಿಗೂ ಪೆಟ್ಟು. ಬಂದ ನೆಂಟರದ್ದು ಇನ್ನೊಂದು ಕಾಟ. ತಲೆ ಸವರಿ ‘ತಬ್ಬಲಿ ಮಗ’ ಅಂತ ಲೊಚಗುಟ್ಟುತ್ತಾರೆ, ಅವಳೊಬ್ಬಳಿಗೇ ಚಾಕ್ಲೇಟ್ ಕೊಡುತ್ತಾರೆ, ನಿಮ್ಮ ಮಗ ಕೈ ಚಾಚಿಕೊಂಡು ನಿಂತಿರುತ್ತಾನೆ. ಬಾಗಿಲಲ್ಲೇ ಹೇಳಿ, ‘ತಂದರೆ ಮೂವರಿಗೂ ತನ್ನಿ, ಅವಳೆದುರು ಆ ಮಾತು ಬೇಡ.’ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ‘ಇನ್ಮೇಲೆ ಇವಳೇ ನಿಮ್ಮಮ್ಮ, ಅಮ್ಮ ಅನ್ನು’ ಅಂತ ಹೇಳಿಕೊಡುವವರಿಗೂ ತಡೆ ಹಾಕಿ. ನೀವು ಅವಳಿಗೆ ದೊಡ್ಡಮ್ಮ, ಹಾಗೇ ಇರಿ. ಅವಳ ಅಮ್ಮನ ಜಾಗಕ್ಕೆ ಯಾರೂ ಬರುತ್ತಿಲ್ಲ ಅಂತ ಅವಳಿಗೆ ಗೊತ್ತಾಗಬೇಕು, ತನ್ನ ಅಮ್ಮನನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ ಅಂತ ನಿಮ್ಮ ಮಗನಿಗೆ ಗೊತ್ತಾಗಬೇಕು.

ಆ ವೇಲ್ ಇದೆಯಲ್ಲ, ಅದನ್ನು ಒಗೆಯಬೇಡಿ. ಎಷ್ಟೇ ಕೊಳೆಯಾಗಿದ್ದರೂ. ಅದರಲ್ಲಿ ಅವಳಮ್ಮನ ವಾಸನೆ ಇದೆ, ಅಥವಾ ಇದೆ ಅಂತ ಅವಳು ನಂಬಿದ್ದಾಳೆ. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ನಿಮ್ಮ ಅತ್ತೆ ಅನ್ನಬಹುದು. ಹಿರಿಯರ ಆ ಮಾತಿಗೆ ಬೇರೆ ಸಮಯದಲ್ಲಿ ತಲೆಬಾಗೋಣ. ಒಂದು ಬಟ್ಟೆ ಚೀಲ ಹೊಲಿದುಕೊಡಿ, ಅದರಲ್ಲಿ ಇಟ್ಟುಕೊಳ್ಳಲಿ, ಸ್ಕೂಲಿಗೂ ಒಯ್ಯಲಿ. ಯಾರೂ ಮುಟ್ಟಬಾರದು ಅನ್ನುವುದು ಮನೆಯ ಕಾನೂನು. ಸಾಧ್ಯವಾದರೆ ದೊಡ್ಡವಳಿಗೂ ಚಿಕ್ಕಮ್ಮನದ್ದು ಏನಾದರೂ ಒಂದು ಕೊಡಿ, ಬಳೆ, ಕ್ಲಿಪ್ಪು, ಯಾವುದಾದರೂ ಫೋಟೋ.

ತಾಯತಕ್ಕೆ ನನ್ನ ತಕರಾರಿಲ್ಲ. ಅತ್ತೆಗೂ ಸೊಸೆಯ ತಂಗಿ ಹೋದ ಸಂಕಟ ಇರುತ್ತದೆ, ‘ಕೂಸು ಬೆದರೈತೆ’ ಅಂತ ಅವರು ಗುರುತು ಹಿಡಿದಿರುವುದೂ ಸರಿಯಾಗಿಯೇ ಇದೆ. ಕಟ್ಟಲಿ. ಆದರೆ ಮೈಮೇಲೆ ಏನೋ ಬಂದಿದೆ ಅಂತ ಹೊಡೆಯುವ, ಹೊಗೆ ಹಾಕುವ, ಕೂಗಾಡುವ ಯಾರ ಹತ್ತಿರಕ್ಕೂ ಕರೆದುಕೊಂಡು ಹೋಗಕೂಡದು. ಅಲ್ಲಿ ಗೆರೆ ಎಳೆಯಿರಿ.

ಹಾಸ್ಟೆಲ್ ಬೇಡ. ಈ ವರ್ಷ ಖಂಡಿತ ಬೇಡ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳುವಾಗ ಸಾವಿರಾರು ಮಕ್ಕಳನ್ನು ಸುರಕ್ಷಿತವಾಗಿರಲಿ ಅಂತ ಹಳ್ಳಿಗಳ ಕಡೆ ಕಳಿಸಿದ್ದರು. ಆ ಹೊತ್ತಲ್ಲಿ ಲಂಡನ್ನಿನಲ್ಲಿ ಶಿಶುಗೃಹ ನಡೆಸುತ್ತಿದ್ದ ಮಕ್ಕಳ ಮನೋತಜ್ಞೆಯರಾದ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಗಮನಿಸಿದ್ದು ಏನೆಂದರೆ, ಬಾಂಬಿನ ನಡುವೆಯೂ ತಾಯಿಯ ಜೊತೆ ಇದ್ದ ಮಕ್ಕಳಿಗಿಂತ ಮನೆಯವರಿಂದ ಬೇರೆಯಾದ ಮಕ್ಕಳೇ ಜಾಸ್ತಿ ನಲುಗಿದರು. ಇವಳು ಒಂದು ಮನೆ ಕಳೆದುಕೊಂಡು ನಾಲ್ಕೇ ತಿಂಗಳಾಗಿದೆ. ನಿಮ್ಮ ಮೈದುನನಿಗೆ ಇಷ್ಟು ಹೇಳಿ ಸಾಕು.

ವರ್ಷದ ಕಾರ್ಯಕ್ಕೆ ಹಿರಿಯೂರಿಗೆ ಹೋಗುವ ಮಾತು ಬಂದೇ ಬರುತ್ತದೆ. ದಾವಣಗೆರೆಯಿಂದ ಚಿತ್ರದುರ್ಗ ದಾಟಿ ಅದೇ ಹೈವೇಯಲ್ಲಿ ಹೋಗಬೇಕು, ಅದೇ ಜಾಗ ಎದುರಾಗಬಹುದು. ಎಲ್ಲರೂ ಹೋಗುತ್ತಿದ್ದೇವೆ ಅಂತ ಎತ್ತಿ ಕೂರಿಸಿಕೊಂಡು ಹೋಗಬೇಡಿ. ಈಗಿನಿಂದಲೇ ಸಣ್ಣದಾಗಿ ಅಭ್ಯಾಸ ಮಾಡಿಸಬಹುದು. ನಿಂತ ಆಟೋದಲ್ಲಿ ಕೂತು ಇಳಿಯುವುದು, ಓಣಿಯೊಳಗೆ ಒಂದು ಸುತ್ತು, ಆಮೇಲೆ ಸಿಟಿ ಬಸ್ಸು. ಪ್ರತಿ ಸಲ ಅವಳು ‘ಸಾಕು’ ಅಂದ ಕಡೆ ನಿಲ್ಲಬೇಕು. ಆಗಲೂ ಅವಳಿಗೆ ಆಗದಿದ್ದರೆ ಅಜ್ಜಿ ತಾತನನ್ನೇ ದಾವಣಗೆರೆಗೆ ಕರೆಸಿ ಇಲ್ಲೇ ಫೋಟೋಕ್ಕೆ ಹೂ ಹಾಕಿ. ಆ ದಿನ ಹತ್ತಿರ ಬಂದ ಹಾಗೆ ಕಡಿಮೆಯಾಗಿದ್ದ ಕನಸು, ಸಿಡುಕು ಮತ್ತೆ ಜಾಸ್ತಿ ಆಗಬಹುದು, ಮೂವರಲ್ಲೂ. ಗಾಬರಿ ಬೇಡ, ಎಷ್ಟೋ ಮಕ್ಕಳಿಗೆ ಹಾಗಾಗುತ್ತದೆ.

ನನ್ನ ಕ್ಷೇತ್ರ ಅಲ್ಲದಿದ್ದರೂ ಒಂದು ಮಾತು. ಅಪಘಾತ ಪರಿಹಾರದ ಅರ್ಜಿ ಹಾಕದಿದ್ದರೆ ಇವತ್ತೇ ವಕೀಲರನ್ನು ನೋಡಿ. ಮೋಟಾರು ವಾಹನ ಕಾಯ್ದೆಯಲ್ಲಿ ಘಟನೆಯಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಅಂತಿದೆ, ನಿಮಗೆ ಆಗಲೇ ನಾಲ್ಕು ಕಳೆದಿದೆ. ಮಕ್ಕಳ ರಕ್ಷಣಾ ಘಟಕದಲ್ಲಿ ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರಿ ಯೋಜನೆಯ ಪ್ರಾಯೋಜಕತ್ವದ, ಅಂದರೆ ತಿಂಗಳ ಧನಸಹಾಯದ, ಬಗ್ಗೆಯೂ ವಿಚಾರಿಸಿ. ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಕುಟುಂಬದ ಆದಾಯಕ್ಕೆ ಮಿತಿ ಇದೆ. ಈ ದುಡ್ಡಿನ ಮಾತು ಮಕ್ಕಳ ಕಿವಿಗೆ ಬೀಳದ ಹಾಗೆ ಆಡಿ. ‘ಅವಳ ದುಡ್ಡು’ ಅನ್ನುವುದು ದೊಡ್ಡವಳ ಬಾಯಲ್ಲಿ ಜಗಳದ ಹೊತ್ತಿಗೆ ಬಂದರೆ ಆಮೇಲೆ ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ತಜ್ಞರನ್ನು ನೋಡುವುದು ತಪ್ಪುವುದಿಲ್ಲ. ಬೆಚ್ಚುವುದು, ಕೆಟ್ಟ ಕನಸು, ನೆನಪಿಸುವುದನ್ನೆಲ್ಲ ದೂರ ಇಡುವುದು ಇಂಥವು ಒಂದು ತಿಂಗಳು ದಾಟಿ, ದಿನನಿತ್ಯಕ್ಕೆ ಅಡ್ಡಿ ಮಾಡುತ್ತಿದ್ದರೆ ಆಘಾತದ ನಂತರದ ಒತ್ತಡದ ಕಾಯಿಲೆ ಇದೆಯೇ ಅಂತ ಪರೀಕ್ಷಿಸಬೇಕು. ನಿಮ್ಮಲ್ಲಿ ನಾಲ್ಕು ತಿಂಗಳಾಗಿದೆ, ಇನ್ನು ಕಾಯಬೇಡಿ. ಮಕ್ಕಳಿಗೆ ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಮಾತು ಮತ್ತು ಆಟದ ಮೂಲಕ ಹಂತಹಂತವಾಗಿ ನಡೆಯುವ ಚಿಕಿತ್ಸೆ, ಸಾಮಾನ್ಯವಾಗಿ 12ರಿಂದ 16 ಭೇಟಿ, ಸಾಕುವವರೂ ಜೊತೆಗೆ ಕೂರುತ್ತಾರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಇದೆ. ಮಕ್ಕಳ ಜೊತೆ ಕೆಲಸ ಮಾಡುವವರು ಯಾರು ಅಂತ ಕೇಳಿಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕ್ಕೇ ಪ್ರತ್ಯೇಕ ವಿಭಾಗ ಇದೆ, ಆದರೆ ಅಷ್ಟು ದೂರದ ಪ್ರಯಾಣ ಅವಳಿಗೆ ಸದ್ಯಕ್ಕೆ ಆಗದು. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೂವರಲ್ಲಿ ಯಾರಾದರೂ ‘ನಾನೂ ಸಾಯಬೇಕು’ ಅಂದರೆ, ಊಟ ಬಿಟ್ಟರೆ, ತಮಗೆ ತಾವೇ ಪೆಟ್ಟು ಮಾಡಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮೊದಲ ಭೇಟಿಗೆ ನೀವು ಗಂಡ ಹೆಂಡತಿ ಇಬ್ಬರೇ ಹೋದರೂ ನಡೆಯುತ್ತದೆ, ಮಗು ಎದುರಿಗಿಲ್ಲದೆ ಹೇಳಬೇಕಾದದ್ದು ಬಹಳ ಇರುತ್ತದೆ. ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದಾರೆ, ಅವರಿಗೂ ಹೀಗೆ ಹೀಗೆ ಆಗುತ್ತಿದೆ ಅನ್ನುವುದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಕೇಸ್ ಶೀಟಿನಲ್ಲಿ ಒಬ್ಬಳ ಹೆಸರೇ ಇರುತ್ತದೆ, ಹೇಳದಿದ್ದರೆ ಆ ಇಬ್ಬರು ಅಲ್ಲೂ ಬಿಟ್ಟುಹೋಗುತ್ತಾರೆ.